ಗುರುವಿಗೆ ಮೂರು ಮಾತ್ರೆ

ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ
ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ
ಎಂದು ಬರೆಸಿದವಳು ನಾನು.
ತಪ್ಪಿದವರ ಕಿವಿ ಹಿಂಡಿದ್ದೂ ಉಂಟು.
ನಿವೃತ್ತಿಯ ಮರುವಾರ, ತೀನ್ ಕಂದೀಲಿನ ಗಡಿಯಾರದಂಗಡಿಯಲ್ಲಿ
ಬಂದೇನವಾಜ್ ಚಿಮಟಿಗೆಯಿಂದ ಟೇಬಲ್ಲು ಬಡಿದು ತೋರಿಸಿದ:
"ಇಲ್ಲಿ ಗುರುವಿಗೆ ಮೂರ್ರಿ, ಟೀಚರ್."

ನನ್ನ ಕೈಗಡಿಯಾರ ಅವನ ಮುಂದೆ
ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.
ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ
ಕಪಾಟಿನ ಹಿಂದಿನ ಪೆಟ್ಟಿಗೆಯ ಗುಂಡಿ ತಿರುವಿದ.
ಹಪ್ಪಳ ಕರಿದ ಸದ್ದು. ಅದರ ತಳದಲ್ಲಿ, ಸಣ್ಣಗೆ,
ಗುರು ಲಘು ಗುರು ಲಘು
ಗುರು ಗುರು ಲಘು ಗುರು.
"ಯಾರಾದ್ರೂ ಅದೀರೇನು ಅಂತ ಕೇಳ್ತಾನ."
ಯಾರವನು?
"ಗೊತ್ತಿಲ್ಲ. ಅವಗೂ ಗೊತ್ತಿಲ್ಲ. ಅದಕ್ಕs ಕೇಳ್ತಾನ."

ಅರವತ್ತೊಂದರಲ್ಲಿ ಪರೀಕ್ಷೆ ಬರೆದೆ.
ಪಕ್ಕದ ಹುಡುಗ ನನ್ನನ್ನು ಮೇಲ್ವಿಚಾರಕಿಯೆಂದು ತಿಳಿದು ಎದ್ದು ನಿಂತ.
ಮಾಳಿಗೆಯ ಮೇಲೆ, ನೀರಿನ ಟಾಕಿಯಿಂದ ಬೇವಿನ ಮರಕ್ಕೆ
ಇಪ್ಪತ್ತು ಮೀಟರು ತಾಮ್ರದ ತಂತಿ.
ಸೂಗಮ್ಮ ಒದ್ದೆ ಸೀರೆ ಹಿಡಿದು ಬಂದವಳು, ಬೇಡ ಅಂದಾಗ:
"ಬರೇ ಮಾತು ಒಣಗಸಾಕ ಇಷ್ಟುದ್ದ ಹಗ್ಗ ಏನ್ರಿ ಅಕ್ಕೋರ?"

ರಾಯಚೂರಿನ ಮೇ ತಿಂಗಳು.
ಬೆಸುಗೆಯ ಕಡ್ಡಿಗೂ ಕಿಟಕಿಯ ಸರಳಿಗೂ ಭೇದವಿಲ್ಲ.
ಶಕ್ತಿನಗರದ ಚಿಮಣಿ ಬಗಲಲ್ಲೇ ಇದ್ದರೂ
ರಾತ್ರಿ ಕರೆಂಟು ಹೋಗುತ್ತದೆ. ಓಣಿಯೆಲ್ಲ ಬೈಯುತ್ತದೆ.
ನಾನು ಬೈಯುವುದಿಲ್ಲ.
ಫ್ಯಾನು, ಟಿ.ವಿ., ಟ್ಯೂಬ್‌ಲೈಟುಗಳ ಗೊರಗೊರ ನಿಂತೊಡನೆ
ಹನ್ನೆರಡು ವೋಲ್ಟಿನ ಹಳೇ ಬ್ಯಾಟರಿಯಲ್ಲಿ
ಆಕಾಶ ತೊಳೆದಿಟ್ಟಂತೆ ಕೇಳುತ್ತದೆ.

ಆ ಆಗಸ್ಟಿನಲ್ಲಿ ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರು.
ಕೃಷ್ಣೆ ನಡುಗಡ್ಡೆಯ ದಾರಿ ನುಂಗಿದಳು,
ಟವರು ಎರಡನೇ ದಿನ ಸತ್ತಿತು.
ಬಂದೇನವಾಜ್ ಪೆಟ್ಟಿಗೆ ಹೊತ್ತು ಬೋಟಿನಲ್ಲಿ ಹೋದ.
ಬೋಟು ಮರಳಿತು, ಅವನು ಅಲ್ಲೇ ಉಳಿದ.
ತಾಲ್ಲೂಕು ಕಚೇರಿಯ ವರಾಂಡದಲ್ಲಿ ನಾನು.
ಹೆಸರು ತಪ್ಪಬಾರದು:
ದ್ಯಾವಮ್ಮ. ದೇವದುರ್ಗದ ದ, ಅದಕ್ಕೆ ಯಾದಗಿರಿಯ ಯ ಒತ್ತು,
ಆಮೇಲೆ ದೀರ್ಘ, ದೀರ್ಘ ಮರೀಬ್ಯಾಡ್ರಿ.
ಹದಿನಾಲ್ಕು ಮನೆ. ಅರವತ್ತೆರಡು ಜನ.
ಒಬ್ಬಳಿಗೆ ಒಂಬತ್ತು ತುಂಬಿದೆ.
ಬಿ.ಪಿ. ಮಾತ್ರೆ ಮೂವತ್ತು.
(ಮಾತ್ರೆ ಎಂದರೆ ಆ ದಿನ ಛಂದಸ್ಸಲ್ಲ.)
ಅವನು ಮುಗಿಸಿ 'ಓವರ್' ಅನ್ನುವ ತನಕ
ನಾನು ತುಟಿ ಬಿಚ್ಚುವಂತಿಲ್ಲ.
ಇದೊಂದನ್ನು ಎಂಟನೇ ಇಯತ್ತೆ ಬಿ ವಿಭಾಗಕ್ಕೆ
ಕಲಿಸಲು ನನ್ನಿಂದ ಆಗಲೇ ಇಲ್ಲ.

ಮೂರನೇ ರಾತ್ರಿ ಸಿಡಿಲಿನ ಸದ್ದಿಗೆ ಅವನ ದನಿ ಮುಳುಗಿತು.
ತುಸು ಹೊತ್ತಿಗೆ ಕೀಲಿ ಎದ್ದು ಬಂತು.
ನಲವತ್ತು ವರ್ಷ ಗಡಿಯಾರದ ಮುಳ್ಳು ಹಿಡಿದ ಕೈ,
ಗುರುವನ್ನು ಮಾತ್ರ ಕೊಂಚ ಎಳೆಯುತ್ತದೆ.
ಸಾವಿರದಲ್ಲೂ ಗುರುತು ಸಿಗುವ ಎಳೆತ.
ಬರೆದುಕೊಳ್ಳುತ್ತ ಬೆರಳು ತಣ್ಣಗಾದವು:
ಎಲ್ಲಿ ನಗಣ, ಮಗಣ, ಮತ್ತೆ ನಗಣ ಬಂದೀತೋ,
ಮುಳುಗುವ ಹಡಗುಗಳು ಹಾಕಿಕೊಟ್ಟ ಪ್ರಸ್ತಾರ.
ಬರಲಿಲ್ಲ.
ಬಂದದ್ದು ಇಂಗ್ಲಿಷ್ ಅಕ್ಷರ ತೊಟ್ಟ ಕನ್ನಡ:
ದ್ಯಾವಮ್ಮನ ಎಮ್ಮಿ ಈದದ. ಹೆಣ್ಗರು.
ಸಾಲ್ಯಾಗಿರೋ ತಂಗಿಗೆ ಹೇಳ್ರಿ.

ಜೀವದ ಸುದ್ದಿ ಮೊದಲು, ಉಳಿದದ್ದು ಆಮೇಲೆ. ಅದು ನಿಯಮ.
ಗುಮಾಸ್ತ ಫಾರಮ್ಮಿನ ಮೇಲೆ ಪೆನ್ನು ಅಲ್ಲಾಡಿಸಿದ:
"ಇದನ್ನ ಯಾವ ಕಾಲಮ್ಮಿನಾಗ ಬರೀಲ್ರಿ?"
ಜನನ ಅಂದೆ.

ಶಾಲೆಯ ಕೋಣೆಯಲ್ಲಿ ಜಮಖಾನೆಗಳ ದಾಟಿ, ತಂಗಿಯನ್ನು ಎಬ್ಬಿಸಿ ಹೇಳಿದರೆ
ಅಳಲಿಲ್ಲ, ನಗಲೂ ಇಲ್ಲ.
ಎದ್ದು ಕೂತು ಸೆರಗು ಸರಿಮಾಡಿಕೊಂಡು ಕೇಳಿದಳು:
"ಹಣಿಮ್ಯಾಲ ಬಿಳೇ ಚುಕ್ಕಿ ಅದ ಏನ್ರಿ?"

ಮತ್ತೆ ವರಾಂಡ. ಮತ್ತೆ ಕೀಲಿ.
ಕೇಳಿದೆ. ಕಾದೆ.
ಟಾರ್ಚು ಹಿಡಿದು ಕೊಟ್ಟಿಗೆಗೆ ಹೋಗಿರಬೇಕು, ಆ ಕೆಸರಿನಲ್ಲಿ.
ಬಲು ಹೊತ್ತಿನ ಮೇಲೆ ಉತ್ತರ ಬಂತು,
ಒಂದೇ ಒಂದು ಲಘು.