ಐದು ಕಿಲೋದ ಕೆಳಗೆ

ಶಿಕಾರಿಪುರದ ರಸ್ತೆ. ಊರು ಮುಗಿದ ಮೇಲೆ ಒಂದು ಪಂಕ್ಚರ್ ಅಂಗಡಿ,
ಅದರಾಚೆ ವೇಬ್ರಿಜ್.
ಕಂಬದ ತುದಿಯಲ್ಲಿ ನಾನು,
ಕೆಳಗೆ ಏಣಿ ಹಿಡಿದು ಹುಚ್ಚರಾಯಪ್ಪ,
ಇಪ್ಪತ್ತೆರಡು ವರ್ಷದಿಂದ ಇಲ್ಲಿ ತೂಕ ಬರೆಯುವವರು.

‘ಇದು ಯಾರನ್ನ ನೋಡಕ್ಕೆ? ಲಾರೀನಾ, ನನ್ನನ್ನಾ?’

ಹಲ್ಲಿನ ನಡುವೆ ಬೋಲ್ಟಿತ್ತು.
ಉತ್ತರಿಸದಿರಲು ಅಷ್ಟು ಸಾಕಾಯಿತು.

ಕ್ಯಾಬಿನ್ನಿನೊಳಗೆ ಮೇಜಿಲ್ಲ, ಅವರ ಲೆಡ್ಜರಿನ ಮೇಲೇ ನನ್ನ ಲ್ಯಾಪ್‌ಟಾಪು.
ಬರಕೊಳ್ಳಿ ಅಂತ ಕ್ಯಾಮೆರಾದ ವಿಳಾಸ ಹೇಳಿದೆ:
ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು, ಅರವತ್ತನಾಲ್ಕು.
ಒಂದರ ಕೆಳಗೊಂದು ಬರೆದು,
ಗೆರೆ ಎಳೆದು,
ಕೂಡಿಯೇಬಿಟ್ಟರು. ನಾನ್ನೂರ ಇಪ್ಪತ್ತೈದು.

‘ಚಿತ್ರಕ್ಕೂ ತೂಕ ಐತಾ?’
ಇದೆ. ಸೆಕೆಂಡಿಗೆ ಇಷ್ಟು ಅಂತ ಕಟ್ಟಬೇಕು.
ಡಿಸ್ಕಿಗೆ ಹೋಗುವುದು ಪೂರ್ತಿ ಲೋಡು:
ಇಪ್ಪತ್ತೈದು ಫ್ರೇಮು, ನಂಬರ್ ಪ್ಲೇಟಿನ ಕೆಸರೂ ಕಾಣುವಷ್ಟು.
ಭದ್ರಾವತಿಯ ಯಜಮಾನರ ಮೊಬೈಲಿಗೆ ಬೇರೆ, ಚಿಕ್ಕದು.
ಇಲ್ಲಿಂದ ಆಚೆ ಹೋಗುವ ಲೈನು ಇಕ್ಕಟ್ಟು,
ಹತ್ತು ಚಕ್ರದ ಗಾಡಿ ನುಗ್ಗಿಸಿದರೆ ನಡುದಾರಿಯಲ್ಲೇ ನಿಲ್ಲುತ್ತೆ,
ಪರದೆಯ ಮೇಲೆ ಬರೀ ಸುತ್ತುವ ಬಳೆ.

ಮತ್ತೆ ಇನ್ನೊಂದು. ಎರಡು ಸೆಕೆಂಡಿಗೊಮ್ಮೆ ಇಡೀ ಚಿತ್ರ,
ನಡುವೆ ಬದಲಾದದ್ದು ಮಾತ್ರ.
ಅಲ್ಲಾಡದ್ದನ್ನು ಮತ್ತೆ ಮತ್ತೆ ಕಳಿಸುವುದಿಲ್ಲ.
‘ತುಂಬಿದ್ದರಲ್ಲಿ ಖಾಲಿ ಕಳೆಯೋದು,’ ಎಂದರು ಥಟ್ಟನೆ.
‘ನಿವ್ವಳ.’
ನಾಲ್ಕು ದಿನದ ಟ್ರೇನಿಂಗಿನಲ್ಲಿ ನನಗೆ ಯಾರೂ
ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕತ್ತಲಾದರೆ ಒಂದು ತೊಂದರೆ ಎಂದೆ.
ಲೆನ್ಸಿನ ಮುಂದೆ ಜೇಡ ನೂಲು ಬಿಡುತ್ತೆ, ದೀಪದ ಹುಳ ಕುಣಿಯುತ್ತೆ,
ಅದಕ್ಕೇ ಎಲ್ಲ ಬಿಟ್‌ರೇಟು ಖರ್ಚಾಗಿ
ಲಾರಿ ಮಬ್ಬಾಗುತ್ತೆ. ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸಿ.

‘ಹುಳಕ್ಕೂ ಲೆಕ್ಕ ಐತಾ,’ ಎಂದವರು
ಸುಮ್ಮನೆ ಕೂತರು.
ಆಮೇಲೆ ಡ್ರಾಯರಿನ ತಳದಿಂದ
ಎರಡು ಚೀಟಿ ತೆಗೆದರು. ಅಕ್ಷರ ಮಾಸಿ ನೀರಾಗಿತ್ತು.

ಆಸ್ಪತ್ರೆಯಿಂದ ಬರುವ ಆಟೋ ಇಲ್ಲೇ ನಿಲ್ಲಿಸಿದ್ದರಂತೆ.
ಎರಡು ಕಿಲೋ ತುಂಬದ ಕೂಸು.
ಎತ್ತಿಕೊಂಡು ತೂಕದ ಹಲಗೆಯ ಮೇಲೆ ನಿಂತರು: ಅರವತ್ತು.
ಹೆಂಡತಿಯ ಮಡಿಲಿಗೆ ಕೊಟ್ಟು ಮತ್ತೆ ನಿಂತರು: ಅರವತ್ತು.
ಈ ಕಾಟಾ ಐದರಿಂದ ಐದಕ್ಕೆ ಹಾರುತ್ತೆ, ನಡುವಿನದು ಅದಕ್ಕೆ ಗೊತ್ತಿಲ್ಲ.
‘ಎರಡೂ ಸಲ ಬರಿಗೈ ಅಂತು ನೋಡ್ರೀ.
ಅವಳೀಗ ಅರವತ್ತೆರಡು. ಹೇಳಿದರೆ ಬೈತಾಳೆ.’

ಟೆಸ್ಟ್ ಮಾಡಬೇಕಿತ್ತು. ಹೋಗಿ ನಿಲ್ಲಿ ಎಂದೆ.
ಕಿಟಕಿಯಲ್ಲಿ ಅವರಾಗಲೇ ನಿಂತಿದ್ದರು,
ನನ್ನ ಮೊಬೈಲಿನಲ್ಲಿ ಹಲಗೆ ಖಾಲಿ.
ಮೂಲೆಯಲ್ಲಿ ಕೆಂಪು ಚುಕ್ಕೆ: ಲೈವ್.
ಕೈ ಬೀಸಿ, ಓಡಿ ಬಂದು, ನನ್ನ ಭುಜದ ಮೇಲಿಂದ ಬಗ್ಗಿದರು.
ಅಲ್ಲಿ ಅವರು ಇನ್ನೂ ಬೀಸುತ್ತಿದ್ದರು,
ಚೌಕ ಚೌಕವಾದ ಮುಖ, ಅರ್ಧಕ್ಕೆ ನಿಂತ ಕೈ.
‘ಯಾರನ್ನ ಕರೀತಾನೆ ಇವನು?’

ಯಜಮಾನರ ಫೋನು ಬಂತು:
ಬಂತಪ್ಪ ಚಿತ್ರ. ಅವನಿಗೇನು ಕೆಲಸ ಅಲ್ಲಿ?
ಟೆಸ್ಟಿಂಗು ಸರ್, ಎಂದೆ.

ಹೊರಗೆ ಮೆಕ್ಕೆಜೋಳದ ಲಾರಿ ಏರಿನಲ್ಲಿ ಗೇರು ಬದಲಿಸಿತು.
ತಿರುಗಿ ನೋಡದೆ ಹುಚ್ಚರಾಯಪ್ಪ ‘ಇಪ್ಪತ್ನಾಕೂವರೆ’ ಎಂದರು.
ಧ್ವನಿಯ ಮುಂದಿನ ಚೌಕದಲ್ಲಿ ಟಿಕ್ ಇರಲಿಲ್ಲ,
ಯಜಮಾನರು ಕೇಳಿರಲಿಲ್ಲ, ಹಾಗೇ ಬಿಟ್ಟೆ.

ಆದರೆ ಹೊರಡುವ ಮುಂಚೆ ಡಿಸ್ಕಿನ ಸ್ಟ್ರೀಮನ್ನು
ಒಂದು ಮೆಟ್ಟಿಲು ಮೇಲೇರಿಸಿದೆ.
ಈಗದು ಮೂವತ್ತು ದಿನದ ಬದಲು
ಇಪ್ಪತ್ತಾರೇ ದಿನ ನೆನಪಿಡುತ್ತೆ.
ಇಪ್ಪತ್ತಾರು ದಿನ, ಆದರೆ ಕೈಬೆರಳು ಎಣಿಸುವ ಹಾಗೆ.
ಬಿಲ್ಲಿನಲ್ಲಿ ಇದನ್ನು ಬರೆದಿಲ್ಲ.