ಆ ಕಡೆ ಜಾಗವಿಲ್ಲ

ಮೂವತ್ತೆಂಟು ಮೆಟ್ಟಿಲು.
ಯಾರೂ ಹೇಳಬೇಕಿಲ್ಲ, ಮಂಡಿಗೆ ನೆನಪಿದೆ.
ಹದಿನಾಲ್ಕನೆಯದು ಒಂದಿಷ್ಟು ವಾರೆ,
ಅಲ್ಲಿ ಕೊಡ ತುಳುಕುತ್ತಿತ್ತು,
ಹಿಂದಿದ್ದವಳ ಬಾಯಿಯೂ.

ಈಗ ಬಾಗಿಲಲ್ಲಿ ಟಿಕೆಟ್ಟು.
ಮೀಸೆ ಸರಿಯಾಗಿ ಮೂಡದ ಹುಡುಗ
ಯಾವ ಊರಿಂದ ಬಂದಿರಿ ಅಜ್ಜೀ, ಅಂತಾನೆ.
ಇದೇ ಯಜ್ದ್ ಕಣೋ, ಎರಡು ಓಣಿ ಆಚೆ,
ದಾಳಿಂಬೆ ಗಿಡದ ಮನೆ,
ಕೆಸರೆತ್ತುವ ಖುದಾದಾದ್‌ನ ಮಗಳು ಮಾಹ್‌ರುಖ್.
ಅವನು ಚೀಟಿ ಹರಿದು ಅರ್ಧ ಕೊಟ್ಟ.

ಮೇಲೆ ನಾಲ್ಕು ಗಾಳಿಗೋಪುರ,
ಕನಸಿನವಲ್ಲ, ಇಟ್ಟಿಗೆಯವು,
ಮರಳುಗಾಡಿನ ಬೇಗೆಯನ್ನು ಸೋಸಿ ಸೋಸಿ
ಕೆಳಗಿನ ಕತ್ತಲಿಗೆ ಊದುತ್ತಿದ್ದವು.
ಕತ್ತಲು ಅಂದರೆ ನೀರು.
ನಮಗೆ ಎರಡೂ ಒಂದೇ ನಲ್ಲಿಯಲ್ಲಿ ಬರುತ್ತಿತ್ತು.

ಹನ್ನೊಂದು ವರ್ಷ ತಿರುಗಿಸಿದೆ ಆ ಹಿತ್ತಾಳೆ ಕಿವಿಯನ್ನು.
ನಲ್ಲಿಯ ಹಿಂದೆ ಗೋಡೆ. ಗೋಡೆಯ ಹಿಂದೆ?
ವರ್ಷಕ್ಕೊಮ್ಮೆ, ತೊಟ್ಟಿ ಬತ್ತಿದಾಗ,
ಗುಮ್ಮಟದ ಕಿಂಡಿಯಿಂದ ಅಪ್ಪನನ್ನು ಇಳಿಬಿಡುತ್ತಿದ್ದರು.
ಮೂರು ದಿನ ಹಗ್ಗದ ತುದಿಗೆ ಕೆಸರು ಬರುತ್ತಿತ್ತು,
ಬುಟ್ಟಿ, ಬುಟ್ಟಿ, ಬುಟ್ಟಿ,
ಕೊನೆಗೆ ಅಪ್ಪ.
ಒಳಗೆ ಹೇಗಿದೆ ಅಂದರೆ ಇಷ್ಟೇ ಹೇಳಿದ:
ಅಲ್ಲಿ ಒಬ್ಬ ಕೆಮ್ಮಿದರೆ
ಏಳು ಜನ ಕೆಮ್ಮುತ್ತಾರೆ.

ಆ ಗೋಡೆಯನ್ನೇ ಕೊಯ್ದು ಬಾಗಿಲು ಮಾಡಿದ್ದಾರೆ.
ಒಳಗೆ ಗರಡಿಮನೆ.
ಎಂಟು ಮೂಲೆಯ ಕುಣಿಯಲ್ಲಿ ಗಂಡಸರು,
ರೊಟ್ಟಿ ಸುಡುವ ಅರ್ದೇಶೀರ್, ಬಸ್ಸು ರಿಪೇರಿಯ ಯದುಲ್ಲಾ,
ಹೊಟ್ಟೆ ಬಂದವರು, ಇನ್ನೂ ಬರಬೇಕಾದವರು,
ಭುಜದ ಹಿಂದೆ ಮರದ ಗದೆ ತಿರುಗಿಸುತ್ತಾರೆ.
ಎತ್ತರದ ಕಟ್ಟೆಯಲ್ಲಿ ಉಸ್ತಾದ್ ಡೋಲು ಬಡಿದರೆ
ಗುಮ್ಮಟ ಬಡ್ಡಿ ಸೇರಿಸಿ ಹಿಂತಿರುಗಿಸುತ್ತದೆ.

ಪ್ರವಾಸಿಗಳೆಲ್ಲ ಫೋನು ಎತ್ತಿ ಹಿಡಿದಿದ್ದಾರೆ.
ನಾನು ಗಾರೆ ನೋಡುತ್ತೇನೆ:
ಸುಣ್ಣ, ಬೂದಿ, ಮೇಕೆಯ ಕೂದಲು, ಮೊಟ್ಟೆಯ ಬಿಳಿ.
ಎಲ್ಲರ ತಲೆಗಿಂತ ಮೂರಾಳು ಮೇಲೆ
ಗೋಡೆಯುದ್ದಕ್ಕೂ ಒಂದು ಕಂದು ಗೆರೆ.

ನೀರು ನಿಂತ ಗೆರೆ.

ಹಾಗಾದರೆ ಇವರೆಲ್ಲ ತಳದಲ್ಲಿದ್ದಾರೆ.
ಗದೆ ಅಷ್ಟು ನಿಧಾನ ಯಾಕೆ,
ಉಸಿರು ಅಷ್ಟು ಜೋರು ಯಾಕೆ, ಈಗ ತಿಳಿಯಿತು.
ಬೆವರು ತೊಟ್ಟಿಕ್ಕಿ ಕುಣಿಯ ನೆಲ ಒದ್ದೆ.
ಪರವಾಗಿಲ್ಲ, ತೊಟ್ಟಿಗೆ ಅಷ್ಟಾದರೂ ಬಂತು.
ಆದರೆ ನಾವು ಹೊತ್ತದ್ದು ಸಿಹಿನೀರು,
ಅದನ್ನು ಯಾರಿಗಾದರೂ ಹೇಳಬೇಕು.

ಎಲ್ಲರೂ ಹೋಗುವವರೆಗೆ ಕಾದೆ.
ಸೆರಗಿನಂಥ ಚಾದರ ಸರಿಮಾಡಿಕೊಂಡು
ಒಂದು ಸಲ ಕೆಮ್ಮಿದೆ.
ಎಣಿಸಿದೆ.
ಐದೇ.
ಜಮಖಾನೆ ಹಾಸಿದ್ದಾರಲ್ಲ,
ಇಬ್ಬರನ್ನು ಅದು ನುಂಗಿತು.

ದೀಪ ಆರಿಸ್ತೀನಿ ಅಜ್ಜೀ, ಅಂದ ಹುಡುಗ.
ಹತ್ತುವಾಗ ಸೊಂಟ ತಾನಾಗಿ
ಎಡಕ್ಕೆ ವಾಲಿತು.
ಬಿದ್ದಳು ಮುದುಕಿ ಎಂದು ಓಡಿಬಂದು
ಎಡಗೈ ಹಿಡಿದ.

ಬಲಗಡೆ ಬಾ ಮಗಾ, ಅಂದೆ,
ಆ ಕಡೆ ಜಾಗವಿಲ್ಲ.