ಷರಾ

ಅಪ್ಪನ ಕೈಲಿ ಇರುತ್ತಿದ್ದುದು ಗಾಜಿನದೊಂದು ಕಡ್ಡಿ,
ಹೊಟ್ಟೆ ದಪ್ಪ, ಕತ್ತು ಸಪೂರ.
ಬೆಳಗಿನ ಐದೂವರೆಗೆ ಹಾಲಿನ ಡೇರಿಯ ಜಗಲಿಯಲ್ಲಿ
ಒಬ್ಬೊಬ್ಬರ ಕ್ಯಾನಿಗೂ ಅದನ್ನಿಳಿಸಿ
ತೇಲಿದರೆ ತಲೆಯಾಡಿಸುತ್ತಿದ್ದ.
ಮುಳುಗಿದರೆ ನೀರು.
ಹೆಸರು, ಲೀಟರು, ಡಿಗ್ರಿ ಬರೆದು
ಕೊನೆಯ ಕಾಲಮ್ಮಿನಲ್ಲಿ, 'ಷರಾ' ಎಂದಿದ್ದಲ್ಲಿ,
ಪೆನ್ನು ಒಂದು ಗಳಿಗೆ ನಿಂತು
ಮುಂದಿನ ಸಾಲಿಗೆ ಹೋಗುತ್ತಿತ್ತು.
'ನೀರು ಸುಳ್ಳು ಹೇಳಕಿಲ್ಲ ಕಣವ್ವ,
ನಾವ್ಯಾಕೆ ಅದರ ಬಾಯಾಗ್ಬೇಕು?'

ಇದು ಲಾನ್ಸೆಸ್ಟನ್ನಿನ ಜುಲೈ.
ಟೇಮರ್ ನದಿಯ ಮಂಜು ಕಿಟಕಿಗೆ ಮೆತ್ತಿಕೊಂಡು
ಹತ್ತು ಗಂಟೆಯಾದರೂ ಏಳುತ್ತಿಲ್ಲ.
ಶಾಲೆಗೆ ರಜ, ಶಾಲೆಯ ಕ್ಯಾಂಟೀನಿಗೆ ರಜ,
ಆದ್ದರಿಂದ ನನಗೂ.
ಸ್ಟೀಲಿನ ಪಾತ್ರೆಯಲ್ಲಿ ಲೆದರ್‌ವುಡ್ ಹೂವಿನ ಜೇನು,
ಕಾಡಿನ ಘಾಟು, ಕೊನೆಗೆ ನಾಲಗೆಯ ಬದಿಗೊಂದು ಒಗರು.
ಅದಕ್ಕೆ ಮೂರು ಪಾಲು ನೀರು ಸುರಿಯಬೇಕು.
ಸುರಿಯುವಾಗ ಕೈ ತಡೆಯಿತು, ಸುಳ್ಳಲ್ಲ.
ನೀರು ಬೆರೆಸುವವರ ಮನೆಯವಳಲ್ಲ ನಾನು.

'ಕುದಿಸಬೇಡ, ಘಮ ಸಾಯುತ್ತೆ' ಅಂದಳು
ಬೇಲಿಯಾಚೆಯ ಯಾದ್ವಿಗಾ, ಎಂಬತ್ತೊಂದು ವರ್ಷ,
ಕಾಲಿಗೆ ಸತ್ತ ಗಂಡನ ಗಂಬೂಟು.
'ಪಾತ್ರೆ, ಸೌಟು, ಕೈ, ಎಲ್ಲ ತೊಳಿ. ಮತ್ತೆ ತೊಳಿ.'
ತೊಳೆದೆ. ಅಷ್ಟು ಮಡಿ ನಮ್ಮಜ್ಜಿ
ದೇವರ ನೈವೇದ್ಯಕ್ಕೂ ಮಾಡಿರಲಿಲ್ಲ,
ನಾನು ಹೆಂಡಕ್ಕೆ ಮಾಡಿದೆ.

ಹೀಟರಿನ ಪಕ್ಕ ದೋಸೆ ಹಿಟ್ಟಿನ ಡಬ್ಬಿ,
ಡಬ್ಬಿಯ ಪಕ್ಕ ಗಾಜಿನ ಬುಡ್ಡಿ,
ಇಬ್ಬರಿಗೂ ಸೇರಿ ಒಂದೇ ಹಳೇ ಶಾಲು.
ಹುದುಗು ಎಂದರೆ ಅಡಗಿಕೊಳ್ಳುವುದು,
ಹುದುಗು ಎಂದರೆ ಉಬ್ಬಿ ಬರುವುದೂ.
ಮೊದಲ ಅರ್ಥದಲ್ಲೇ ಮೂರು ದಿನ ಕಳೆಯಿತು.
ನಾಲ್ಕನೆಯ ರಾತ್ರಿ ಎರಡು ಗಂಟೆಗೆ
ಮುಚ್ಚಳದ ಮೇಲಿನ ಪುಟ್ಟ ಕೊಳವೆಯಲ್ಲಿ
ಬುಳುಕ್.
ಎದ್ದು ಕೂತು ಕಾದೆ.
ಬುಳುಕ್.

ತಿಪಟೂರಿನ ಚಿಕ್ಕಮ್ಮ ಫೋನಿನಲ್ಲಿ:
'ಅದೇನೇ ಅದು, ನಲ್ಲಿ ಸೋರ್ತಾ ಇದ್ಯಾ?'
'ಹ್ಞೂಂ ಚಿಕ್ಕಮ್ಮ.'
'ದುಡ್ಡಿನ ಮುಖ ನೋಡ್ಬೇಡ, ರಿಪೇರಿ ಮಾಡ್ಸು.'

ವಾರಕ್ಕೊಮ್ಮೆ ಕಡ್ಡಿ ಇಳಿಸುತ್ತೇನೆ.
ಇದರ ಹೆಸರು ಬೇರೆ, ಹೊಟ್ಟೆ ಅದೇ, ಕತ್ತು ಅದೇ.
ಮೊದಲ ದಿನ ಜೇನಿನ ಮೇಲೆ
ಹೊಸ ಮದುಮಗನ ಹಾಗೆ ಸೆಟೆದು ನಿಂತಿತ್ತು,
ಒಂದು ಸಾವಿರದ ನೂರು.
ಆಮೇಲೆ ಎಂಬತ್ತು, ನಲವತ್ತೈದು, ಹನ್ನೆರಡು.
ಸಿಹಿ ಕಳೆದಷ್ಟೂ ಇಳಿಯುತ್ತ ಹೋಗುತ್ತದೆ.
ಅಲ್ಲಿ ಮುಳುಗಿದರೆ ಕಳ್ಳತನ,
ಇಲ್ಲಿ ಮುಳುಗಿದರೆ ಹದ.
ಇದನ್ನು ಅಪ್ಪನಿಗೆ ಹೇಗೆ ಹೇಳಲಿ?
ಹೇಳುವಂತಿದ್ದರೂ, ಏನು ಕುಡಿಯುತ್ತಿದ್ದೇನೆಂದು
ಮೊದಲು ಹೇಳಬೇಕಿತ್ತಲ್ಲ.

ಯಾದ್ವಿಗಾ ಮಗಳು ಹುಟ್ಟಿದ ವರ್ಷ
ನಿಂಬೆ ಗಿಡದ ಬುಡದಲ್ಲಿ ಒಂದು ಬಾಟಲಿ ಹೂತಿಟ್ಟಿದ್ದಳು,
ಮದುವೆಯ ದಿನ ತೆಗೆಯೋಣವೆಂದು.
ವಂಡಾ ಮದುವೆಯಾಗಲಿಲ್ಲ.
ಮರದ ದಿಮ್ಮಿಯ ಲಾರಿ ಓಡಿಸಿದಳು.
ನಿಂಬೆ ದೊಡ್ಡದಾಗಿ, ಕಾಯಿ ಬಿಟ್ಟು, ಒಮ್ಮೆ ಸಿಡಿಲು ತಿಂದು
ಮತ್ತೆ ಚಿಗುರಿತು.
ಆ ಬಾಟಲಿಯ ಮಾತನ್ನು ತಾಯಿಯೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ.

ಈ ಜೂನಿನ ಒಂದು ಭಾನುವಾರ,
ತನ್ನ ಐವತ್ಮೂರನೆಯ ಹುಟ್ಟುಹಬ್ಬಕ್ಕೆ,
ವಂಡಾ ಗುದ್ದಲಿ ಹಿಡಿದು ಬಂದಳು. ಯಾರನ್ನೂ ಕೇಳಲಿಲ್ಲ.
ಬೇರು ಕಡಿಯದ ಹಾಗೆ ಮೆಲ್ಲಗೆ ಅಗೆದಳು.
ಬಿರಡೆ ಕೊಳೆತಿತ್ತು. ಅರ್ಧ ಮಣ್ಣು ಕುಡಿದಿತ್ತು.
ಉಳಿದರ್ಧ ಕಾಕಂಬಿಯ ಬಣ್ಣ.
ಯಾದ್ವಿಗಾ ಮೂಸಿ, ತನ್ನ ಭಾಷೆಯಲ್ಲಿ ಏನೋ ಬೈದು,
ಅತ್ತಳೋ ನಕ್ಕಳೋ, ಗಂಬೂಟು ಮಾತ್ರ ಕುಣಿಯುತ್ತಿತ್ತು.

ಐವತ್ತಮೂರು ವರ್ಷದ್ದನ್ನು ಒಂದೊಂದು ಚಮಚ,
ಹನ್ನೊಂದು ತಿಂಗಳ ನನ್ನದನ್ನು ಒಂದೊಂದು ಲೋಟ.
ಅದು ಹೊಗೆ, ಒಣದ್ರಾಕ್ಷಿ, ಕೊನೆಗೆ ಸ್ವಲ್ಪ ತುಕ್ಕು.
ನನ್ನದು ಇನ್ನೂ ಎಳಸು,
ಗಂಟಲಲ್ಲಿ ಮೊದಲು ಜಗಳ, ಆಮೇಲೆ ಆ ಕಾಡಿನ ಒಗರು,
ಆಮೇಲೆ ಕಿವಿಯ ತುದಿ ಬೆಚ್ಚಗೆ.
'ನಿನ್ನದೇ ವಾಸಿ' ಅಂದಳು ವಂಡಾ. ಸುಳ್ಳು.
ಎರಡನೆಯ ಲೋಟ ಕೇಳಿದಳು. ಅದು ಸುಳ್ಳಲ್ಲ.

ಅವರು ಹೋದ ಮೇಲೆ ಕಡ್ಡಿ ತೊಳೆದು ಒರಗಿಸಿ
ನೋಟ್ ಪುಸ್ತಕ ತೆಗೆದೆ.
ತಾರೀಖು. ಲೀಟರು. ಕೊನೆಯ ಡಿಗ್ರಿ: ಒಂಬೈನೂರ ತೊಂಬತ್ತೆಂಟು.
ಷರಾ ಕಾಲಮ್ಮಿಗೆ ಬಂದು ಪೆನ್ನು ನಿಂತಿತು,
ಅಪ್ಪನದು ನಿಲ್ಲುತ್ತಿದ್ದಷ್ಟೇ ಹೊತ್ತು.
ಬರೆದೆ:
ನೀರು ಬೆರೆಸಿದೆ. ಒಂದಕ್ಕೆ ಮೂರು.